ಅಕ್ಕನ ಬದನೆಗೆ ನೀಲಿಪಟ್ಟಿಯವಳು ಬಂದ ಮಳೆಗಾಲ

ಮೊನ್ನೆ ಸಿದ್ಧೇಶ್ವರ ಗುಡಿಯ ಹತ್ತಿರ ಹೂವಿನ ಅಂಗಡಿಯ ಮುಂದೆ ನಿಂತಿದ್ದೆ. ಯಾರದೋ ನಿಶ್ಚಯ ಕಾರ್ಯಕ್ಕೆ ಹಾರ ತರುವ ಕೆಲಸ ಫೋಟೊ ತೆಗೆಯುವ ನನ್ನ ಕೊರಳಿಗೆ ಯಾಕೆ ಬಿತ್ತೋ ಕೇಳಬೇಡಿ. ನಮ್ಮ ಕಡೆ ಫೋಟೊಗ್ರಾಫರನೆಂದರೆ ಅರ್ಧ ಬೀಗ, ಅರ್ಧ ಆಳು. ಹೂವಿನವನು ಕಾಮಕಸ್ತೂರಿಯ ಕಟ್ಟಿಗೆ ನೀರು ಚಿಮುಕಿಸಿ ಜೋರಾಗಿ ಕೊಡವಿದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಅಲ್ಲಿರಲಿಲ್ಲ. ತಿಕೋಟಾದ ಅಕ್ಕನ ಹೊಲದಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಒಂದು ಬದನೆ ಹೂವಿನ ಮುಂದೆ ಉಸಿರು ಬಿಗಿಹಿಡಿದಿದ್ದೆ. ಈ ಕಥೆ ಹೇಳುವಾಗ ನನಗೆ ಸ್ವಲ್ಪ ಸೊಕ್ಕು ಬರುತ್ತದೆ ಎಂದು ನನ್ನ ಹೆಂಡತಿ ಅನ್ನುತ್ತಾಳೆ. ಬರಲಿ ಬಿಡಿ. ಗೆದ್ದವನಿಗೆ ಬರದೆ ಸೋತವನಿಗೆ ಬರುತ್ತದೆಯೇ?

ಒಂದೆರಡು ವರ್ಷದ ಹಿಂದಿನ ಮಾತು. ಆಷಾಢ ಹಿಡಿಯಿತೆಂದರೆ ಮದುವೆಗಳು ನಿಲ್ಲುತ್ತವೆ, ಸೊಲ್ಲಾಪುರ ರಸ್ತೆಯ ನನ್ನ ಸ್ಟುಡಿಯೊದಲ್ಲಿ ಪಾಸ್‌ಪೋರ್ಟ್ ಫೋಟೊ ಬಿಟ್ಟರೆ ಕೆಲಸವಿರುವುದಿಲ್ಲ. ಉಂಗುರ, ಕಾಲುಂಗುರ, ಮದುಮಗಳ ಮೆಹಂದಿ ಇವನ್ನು ಹತ್ತಿರದಿಂದ ತೆಗೆಯಲೆಂದು ಒಂದು ಮ್ಯಾಕ್ರೊ ಲೆನ್ಸ್ ಕೊಂಡಿದ್ದೆ. ಅದು ಕಪಾಟಿನಲ್ಲಿ ಕೂತು ನನ್ನನ್ನೇ ನೋಡುತ್ತಿತ್ತು. ಆ ವರ್ಷ ಅದನ್ನು ಹೆಗಲಿಗೆ ಹಾಕಿಕೊಂಡು ತಿಕೋಟಾಕ್ಕೆ ಹೋದೆ. ಅಕ್ಕನ ಗಂಡ, ನಮ್ಮ ಮಾಮಾ, ದ್ರಾಕ್ಷಿ ಬೆಳೆಯುವವರು. ಹೊಲದಲ್ಲಿಯೇ ಮನೆ. ಹೋದದ್ದು ಅಕ್ಕನ ಕೈಯ ರೊಟ್ಟಿ ತಿನ್ನಲಿಕ್ಕೆ, ಸುಳ್ಳು ಯಾಕೆ ಹೇಳಲಿ. ಕ್ಯಾಮೆರಾ ನೆಪ.

ಅಲ್ಲಿ ಸೂರ್ಯಕಾಂತಿಯ ಮೇಲೆ ಹಳದಿ ಕಪ್ಪು ಪಟ್ಟೆಯ ಒಂದು ಜೇನು ಸಿಕ್ಕಿತು. ಎಂಥ ಫೋಟೊ ಅಂತೀರಿ, ಕಣ್ಣಿನ ಒಂದೊಂದು ಕೋಶವೂ ಕಾಣುತ್ತಿತ್ತು. ಹುಳಹುಪ್ಪಡಿಗಳ ಫೋಟೊ ಹಾಕುವ ಒಂದು ವಾಟ್ಸಾಪ್ ಗುಂಪಿಗೆ ಸೇರಿದ್ದೆ, ಅದಕ್ಕೆ ಹಾಕಿ ಹೊಗಳಿಕೆಗಾಗಿ ಕಾದೆ. ಧಾರವಾಡದ ಕಡೆಯ ಒಬ್ಬ ಮೇಡಂ ಉತ್ತರ ಬರೆದರು. ಅವರ ಮುಖವನ್ನು ನಾನು ಇವತ್ತಿಗೂ ನೋಡಿಲ್ಲ. ಬರೆದದ್ದು ಎರಡೇ ಮಾತು: ಜೇನಲ್ಲ, ನೊಣ.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲವಂತೆ. ನನ್ನ ಮಾನ ನೊಣಕ್ಕೆ ಹೋಯಿತು. ಸ್ಟುಡಿಯೊದ ಪಕ್ಕದಲ್ಲಿ ಮದುವೆ ಆಲ್ಬಮ್ ಕಟ್ಟುವ ರಫೀಕ್ ಇದ್ದಾನಲ್ಲ, ಅವನು ನೊಣದ ಫೋಟೊಗ್ರಾಫರ್ ಎಂದು ನನಗೆ ಹೆಸರನ್ನೇ ಇಟ್ಟುಬಿಟ್ಟ. ಲೆನ್ಸಿನ ಮೇಲೆ ತಪ್ಪು ಹೊರಿಸಲು ಹೋದರೆ, ಕುಣಿಯಲಾರದಾಕಿ ನೆಲ ಡೊಂಕು ಅಂದಳಂತೆ ಎಂದು ನಕ್ಕ. ನನಗೆ ಹಟ ಬಂತು. ಮೇಡಂ ಬಯ್ದು ಬಯ್ದು ಕಲಿಸಿದರು. ರೆಕ್ಕೆ ಎಣಿಸಿ, ಎರಡಾದರೆ ನೊಣ, ನಾಲ್ಕಾದರೆ ಮುಂದೆ ಮಾತಾಡೋಣ. ಮೀಸೆ ನೋಡಿ, ಗಿಡ್ಡ ಇದ್ದರೆ ನೊಣ. ಮೈಮೇಲೆ ಕೂದಲಿದೆಯೇ, ಕಾಲಿಗೆ ಹೂವಿನ ಪುಡಿ ಮೆತ್ತಿದೆಯೇ ನೋಡಿ. ಬಣ್ಣ ನಂಬಬೇಡಿ, ಬಣ್ಣ ಎಲ್ಲರಿಗಿಂತ ದೊಡ್ಡ ಸುಳ್ಳುಗಾರ. ಮದುವೆಮನೆಯಲ್ಲಿ ದುಡಿದವನಿಗೆ ಆ ಕೊನೆಯ ಮಾತು ಮಾತ್ರ ಬೇಗ ತಿಳಿಯಿತು.

ಶ್ರಾವಣದ ಹೊತ್ತಿಗೆ ನನ್ನ ಕಣ್ಣು ಬೇರೆಯಾಗಿತ್ತು. ಜಾಲಿಯ ಟೊಂಗೆಗೆ ಅಂಗೈಯಷ್ಟು ಹುಟ್ಟು ಕಟ್ಟುವ ಕೋಲುಜೇನು, ದನದ ಕೊಟ್ಟಿಗೆಯ ಮರದ ತೊಲೆಗೆ ತೂತು ಕೊರೆಯುವ ಕರಿ ಬಡಗಿ ದುಂಬಿ, ಗುಲಾಬಿ ಎಲೆಯನ್ನು ದರ್ಜಿಯಂತೆ ದುಂಡಗೆ ಕತ್ತರಿಸಿ ಸುರುಳಿ ಮಾಡಿ ಹೊತ್ತೊಯ್ಯುವ ಒಂದು ಪುಟ್ಟ ಜೇನು, ಎಳ್ಳಿನ ಕಾಳಿಗಿಂತ ತುಸು ದೊಡ್ಡದಾದ ಮಿಸರಿ ಜೇನು. ಇವೆಲ್ಲ ನಾನು ಹುಟ್ಟುವ ಮೊದಲಿನಿಂದ ಇಲ್ಲಿಯೇ ಇದ್ದವು, ನನಗೆ ಮಾತ್ರ ಹೊಸದಾಗಿ ಬಂದಂತಾಯಿತು. ಒಂದೊಂದನ್ನೂ ಅಕ್ಕನಿಗೆ ತೋರಿಸಿ, ಇದಕ್ಕೆ ನಿಮ್ಮಲ್ಲಿ ಏನನ್ನುತ್ತಾರೆ ಎಂದು ಕೇಳುತ್ತಿದ್ದೆ. ಜೇನು ಕೊಡುವುದಕ್ಕೆ ಜೇನು ಅಂದಳು, ಬಡಗಿಗೆ ಗುಂಗಿ ಅಂದಳು. ಉಳಿದದ್ದೆಲ್ಲ ಅವಳಿಗೆ ಹುಳ. ಎಲೆ ತಿನ್ನುವುದೂ ಹುಳ, ಕಾಯಿ ಕೊರೆಯುವುದೂ ಹುಳ, ಹೂವಿನ ಮೇಲೆ ಕೂಡುವುದೂ ಹುಳ. ಹುಳ ಬಿದ್ದಾವ ಅಂದರೆ ಮಾಮಾ ಎಣ್ಣೆ, ಅಂದರೆ ಹುಳ ಕೊಲ್ಲುವ ಔಷಧಿ, ಹೊಡೆಯುವ ಪಂಪು ಹೆಗಲಿಗೇರಿಸುತ್ತಿದ್ದರು. ಅಷ್ಟೇ ನಡೆದುಕೊಂಡು ಬಂದಿತ್ತು.

ಮನೆಯ ಹಿಂದೆ ಒಂದು ಸೊಳ್ಳೆಪರದೆಯ ಡೇರೆ ಇತ್ತು. ಹಳೆಯ ಪರದೆಗಳನ್ನು ಒಂದಕ್ಕೊಂದು ಹೊಲಿದು, ಬಿದಿರಿನ ಗೂಟಕ್ಕೆ ಕಟ್ಟಿ, ಕೆಳಗಿನ ಅಂಚಿಗೆಲ್ಲ ಕಲ್ಲು ಹೇರಿ ಅಕ್ಕ ಮಾಡಿದ್ದು. ಅದರೊಳಗೆ ಬೆರಳಿನಲ್ಲಿ ಎಣಿಸುವಷ್ಟು ಬದನೆ ಗಿಡ. ಅವು ನಮ್ಮ ಅವ್ವನ ಬದನೆ. ಬಬಲೇಶ್ವರದ ನಮ್ಮ ಮನೆಯ ಹಿತ್ತಿಲಲ್ಲಿ ಅವ್ವ ಬದುಕಿರುವ ತನಕ ಬೆಳೆದಳು: ಹಸಿರು ಮೈ, ಬಿಳಿ ಗೆರೆ, ತೊಟ್ಟಿಗೆ ಮುಳ್ಳು. ಗುರೆಳ್ಳು ಶೇಂಗಾ ಪುಡಿ ತುಂಬಿ ಎಣ್ಣೆಗಾಯಿ ಮಾಡಿದರೆ ಬೆಣ್ಣೆಯ ಹಾಗೆ ಕರಗುತ್ತಿತ್ತು. ಈಗ ಎಲ್ಲರೂ ನರ್ಸರಿಯ ಸಸಿ ತರುತ್ತಾರೆ, ಆ ಜಾತಿ ಯಾರಲ್ಲಿಯೂ ಉಳಿದಿಲ್ಲ. ಅಕ್ಕ ಬಬಲೇಶ್ವರದಲ್ಲಿ ಮನೆಮನೆ ಕೇಳಿ ಬಂದಿದ್ದಳು. ಹಿಂದಿನ ವರ್ಷ ನೆಟ್ಟದ್ದನ್ನು ಕಾಯಿಕೊರಕ ಒಂದೂ ಬಿಡದೆ ತಿಂದು ಹಾಕಿತ್ತು. ಅವ್ವನ ಸೀರೆಯ ಚೂರಿನಲ್ಲಿ ಕಟ್ಟಿಟ್ಟ ಕೊನೆಯ ಚಿಟಿಕೆ ಬೀಜ ಹಾಕಿ ಹುಟ್ಟಿದ ಗಿಡಗಳು ಇವು. ಇನ್ನು ಬೀಜ ಇರಲಿಲ್ಲ. ಅದಕ್ಕೇ ಪರದೆ, ಅದಕ್ಕೇ ಕಲ್ಲು. ಒಂದು ಹುಳವೂ ಒಳಗೆ ಹೋಗದಂತೆ ಕಾದಿದ್ದಳು ಪುಣ್ಯಾತ್ಗಿತ್ತಿ.

ಗಿಡ ಸೊಂಪಾಗಿ ಬಂದವು. ಹೂ ಬಿಟ್ಟವು. ಹೂ ಉದುರಿದವು. ಮತ್ತೆ ಬಿಟ್ಟವು, ಮತ್ತೆ ಉದುರಿದವು. ಒಂದು ಮಿಡಿಯೂ ಹಿಡಿಯಲಿಲ್ಲ. ಗೊಬ್ಬರ ಹಾಕಿದಳು, ನೀರು ಹೆಚ್ಚು ಮಾಡಿದಳು, ಕಡಿಮೆ ಮಾಡಿದಳು, ದೃಷ್ಟಿ ತೆಗೆದಳು. ಮಾಮಾ ಒಮ್ಮೆ ಎಣ್ಣೆ ಹೊಡೆದುಬಿಡೋಣ ಎಂದದ್ದಕ್ಕೆ ಅವರಿಗೆ ಆ ದಿನ ಪಲ್ಯವಿಲ್ಲದ ರೊಟ್ಟಿ ಸಿಕ್ಕಿತು. ಉದುರಿದ ಹೂಗಳನ್ನು ಅಕ್ಕ ಸೆರಗಿನಲ್ಲಿ ಆರಿಸಿಕೊಂಡು ಹೊರಗೆ ಬರುತ್ತಿದ್ದಳು.

ಆಗಲೇ ನನ್ನ ಬೆನ್ನಿಗೆ ಬಿದ್ದದ್ದು ನೀಲಿಪಟ್ಟಿ ಜೇನು. ಅಲ್ಲ, ನಾನು ಅದರ ಬೆನ್ನಿಗೆ ಬಿದ್ದದ್ದು. ಅಂಗಳದ ಕಾಮಕಸ್ತೂರಿಯ ಕುಂಡಗಳಿಗೆ ಬರುತ್ತಿತ್ತು: ಕಂದು ರೋಮದ ಎದೆ, ಕಪ್ಪು ಹೊಟ್ಟೆ, ಹೊಟ್ಟೆಗೆ ಅಡ್ಡಡ್ಡ ಹೊಳೆಯುವ ನೀಲಿ ಪಟ್ಟೆಗಳು. ಒಂದು ಹೂವಿನ ಮುಂದೆ ಗಾಳಿಯಲ್ಲಿ ನಿಂತಂತೆ ಮಾಡುತ್ತದೆ, ಬಟನ್ ಒತ್ತುವಷ್ಟರಲ್ಲಿ ಮಾಯ. ನನ್ನ ಕ್ಯಾಮೆರಾ ತುಂಬ ಖಾಲಿ ಹೂವುಗಳೇ ಬಂದವು. ಮಂಟಪದಲ್ಲಿ ಓಡಾಡುವ ಮಕ್ಕಳನ್ನು ಹಿಡಿದ ಕೈ ಇದು, ಒಂದು ಹುಳ ನನ್ನನ್ನು ಆಡಿಸುತ್ತದಲ್ಲ ಎಂದು ಸಿಟ್ಟು ನೆತ್ತಿಗೇರುತ್ತಿತ್ತು.

ಸಿಕ್ಕದ್ದು ಒಂದು ಸಂಜೆ. ಹೊತ್ತು ಮುಳುಗುವ ಮುಂಚೆ ಬದುವಿನ ಮೇಲೆ ಬರುತ್ತಿದ್ದೆ. ಒಣಗಿದ ಹುಲ್ಲಿನ ಒಂದು ಕಡ್ಡಿಗೆ ಏನೋ ಸಾಲಾಗಿ ಅಂಟಿಕೊಂಡಿತ್ತು. ಬಗ್ಗಿ ನೋಡಿದೆ. ನೀಲಿಪಟ್ಟಿಗಳು. ಕಡ್ಡಿಯನ್ನು ಬಾಯಿಂದ ಕಚ್ಚಿ ಹಿಡಿದು, ಕಾಲು ಮಡಚಿ, ಒಂದರ ಕೆಳಗೆ ಒಂದು ನಿದ್ದೆ ಹೋಗಿದ್ದವು. ಗ್ರೂಪ್ ಫೋಟೊಕ್ಕೆ ಬೀಗರು ನಿಂತಂತೆ, ಆದರೆ ಒಬ್ಬರೂ ಕಣ್ಣು ಮಿಟುಕಿಸುತ್ತಿಲ್ಲ, ಅತ್ತಿತ್ತ ನೋಡುತ್ತಿಲ್ಲ. ನನ್ನ ಜನ್ಮದಲ್ಲಿ ಇಷ್ಟು ಮರ್ಯಾದೆಯ ಗ್ರೂಪ್ ಫೋಟೊ ತೆಗೆದಿಲ್ಲ. ಹುಲ್ಲಿನಲ್ಲಿ ಬೋರಲು ಮಲಗಿ, ಬೆಳಕು ಹೋಗುವ ತನಕ ತೆಗೆದೆ.

ಆ ಸಲ ಮೇಡಂ ಬಯ್ಯಲಿಲ್ಲ. ಸರಿಯಾಗಿ ಗುರುತು ಹಿಡಿದಿದ್ದೀರಿ, ನೀಲಿಪಟ್ಟಿ ಜೇನು, ಎಲ್ಲವೂ ಗಂಡು ಎಂದು ಬರೆದರು. ಗಂಡಿಗೆ ಐದು ಪಟ್ಟೆ, ಹೆಣ್ಣಿಗೆ ನಾಲ್ಕಂತೆ. ಹೆಣ್ಣುಗಳು ಮಣ್ಣಿನ ಗೋಡೆಯಲ್ಲಿ ಒಬ್ಬೊಬ್ಬರೇ ಗೂಡು ಕೊರೆದು ಮರಿಗಳಿಗೆ ಬುತ್ತಿ ಕೂಡಿಹಾಕುತ್ತವೆ, ರಾತ್ರಿ ಅಲ್ಲಿಯೇ ಇರುತ್ತವೆ. ಗಂಡುಗಳಿಗೆ ಮನೆಯಿಲ್ಲ, ಕಡ್ಡಿಗೆ ಜೋತು ಮಲಗುತ್ತವೆ. ಇದನ್ನು ಓದಿ ಹೇಳಿದಾಗ ಅಕ್ಕ ಮಾಮಾನ ಕಡೆ ನೋಡಿ, ಹೆಂಗಸರು ದುಡಿಯಾಕತ್ತಾರ, ಗಂಡಸರು ಸಾಲಾಗಿ ಮಲಗ್ಯಾರ, ನಮ್ಮ ಮನಿ ಹುಳಾನ ಬಿಡು ಇವು ಅಂದಳು. ಆದರೆ ನನಗೆ ನಗು ಬರಲಿಲ್ಲ. ಮೇಡಂ ಕೊನೆಗೆ ಇನ್ನೊಂದು ಸಾಲು ಬರೆದಿದ್ದರು: ಹತ್ತಿರದಲ್ಲಿ ಬದನೆ, ಟೊಮೆಟೊ ಇದ್ದರೆ ಹೆಣ್ಣು ಜೇನನ್ನು ಅಲ್ಲಿ ಹುಡುಕಿ. ಆ ಹೂಗಳ ಪುಡಿ ಉಪ್ಪಿನ ಡಬ್ಬಿಯಲ್ಲಿದ್ದಂತೆ ಒಳಗೇ ಇರುತ್ತದೆ, ತುದಿಯಲ್ಲಿ ಸಣ್ಣ ತೂತು, ಅಲುಗಿಸಿದರೆ ಮಾತ್ರ ಉದುರುತ್ತದೆ. ಇವಳು ಹೂವನ್ನು ಅಪ್ಪಿಕೊಂಡು ಮೈ ಝೇಂಕರಿಸಿ ಅಲುಗಿಸುತ್ತಾಳೆ.

ಮರುದಿನ ಬೆಳಿಗ್ಗೆ ಬದುವಿಗೆ ಓಡಿದೆ. ಅಲ್ಲಿ ಬದನೆಯ ಕಾಡು ತಂಗಿ ನೆಲಗುಳ್ಳ ಹಬ್ಬಿದೆ, ಅದೇ ನೇರಳೆ ಹೂ, ಅದೇ ಹಳದಿ ಮೂತಿ. ಯಾರೂ ನೀರು ಹಾಕದ, ಗೊಬ್ಬರ ಕಾಣದ ಆ ಮುಳ್ಳುಕಂಟಿಯ ತುಂಬ ಕಾಯಿ ತುಂಬಿದ್ದವು. ನೋಡುತ್ತಿದ್ದಂತೆಯೇ ನಾಲ್ಕು ಪಟ್ಟೆಯ ಒಬ್ಬಳು ಬಂದಳು, ಹೂವಿಗೆ ಜೋತುಬಿದ್ದಳು, ಗುಂಯ್ ಎನ್ನುತ್ತಿದ್ದ ಸದ್ದು ಒಮ್ಮೆಲೇ ಝೀ ಎಂದು ಏರಿತು, ಅವಳ ಹೊಟ್ಟೆ ಹಳದಿಯಾಯಿತು. ತಲೆ ಎತ್ತಿ ನೋಡಿದರೆ ಆಚೆ ಅಕ್ಕನ ಬಿಳಿ ಡೇರೆ. ಕಳ್ಳ ಬರಬಾರದೆಂದು ಬಾಗಿಲು ಹಾಕಿಕೊಂಡವಳು ಬೀಗರನ್ನೂ ಹೊರಗೇ ನಿಲ್ಲಿಸಿದ್ದಳು.

ಪರದೆ ತೆರೆ ಎಂದು ಅಕ್ಕನಿಗೆ ಹೇಳಿದ್ದಕ್ಕೆ ಬಂದ ಉತ್ತರ ಇದು: "ಹುಳಾ ಬರಬಾರದು ಅಂತ ಪರದಿ ಕಟ್ಟೀನಿ, ನೀ ಹುಳಾ ಒಳಗ ಬಿಡು ಅಂತೀಯಲ್ಲೋ ತಮ್ಮಾ. ಹಗಲಾಗ ಕುಡದ ಬಂದೀಯೇನ?"

ನನಗೂ ಬಾಯಿ ಇದೆ. "ಅಕ್ಕಾ, ನಿನಗ ತಿನ್ನಾಕ ಬರೋದೂ ಹುಳಾನ, ದುಡಿಯಾಕ ಬರೋದೂ ಹುಳಾನ. ಕಳ್ಳನ್ನೂ ಬೀಗನ್ನೂ ಒಂದ ಹೆಸರಿಲೆ ಕರದ್ರ ಬಾಗಲಾ ಯಾರಿಗೆ ತಗೀತಿ?"

ಅವಳು ತಗ್ಗಿದ ದನಿಯಲ್ಲಿ, "ನಿಂದೇನ ಹೋಗತೈತಿ. ಇವು ಹ್ವಾದ್ವು ಅಂದ್ರ ಅವ್ವ ಎರಡನೇ ಸಲ ಸತ್ತಂಗ" ಅಂದಳು. ಅವಳಿಗಷ್ಟೇ ಅವ್ವನೇ?

ಮಾತು ಬೇಡ, ಕಣ್ಣಿಗೆ ತೋರಿಸಬೇಕು ಅನ್ನಿಸಿತು. ಡೇರೆಯೊಳಗೆ ಹೋಗಿ ಒಂದು ಹೂವಿನ ಕೆಳಗೆ ಲೆನ್ಸ್ ಒರೆಸುವ ಕಪ್ಪು ಬಟ್ಟೆ ಹಿಡಿದೆ, ಫೋನನ್ನು ವೈಬ್ರೇಟಿಗೆ ಹಾಕಿ ಹೂವಿಗೆ ತಾಗಿಸಿದೆ, ರಫೀಕನಿಗೆ ಕರೆ ಮಾಡಲು ಮೊದಲೇ ಹೇಳಿದ್ದೆ. ಫೋನು ಗುರ್ರೆಂದಿತು, ಕಪ್ಪು ಬಟ್ಟೆಯ ಮೇಲೆ ಹಳದಿ ಧೂಳು ಸಣ್ಣಗೆ ಉದುರಿತು. ಅಕ್ಕ ಅದನ್ನು ಬೆರಳಿಗೆ ಹಚ್ಚಿಕೊಂಡು ಬಹಳ ಹೊತ್ತು ನೋಡಿದಳು. ನಂಬಿದಳು ಕೂಡ. ಆದರೆ ನಮ್ಮ ಅಕ್ಕ ಸುಲಭಕ್ಕೆ ಸೋಲುವವಳಲ್ಲ. ಹಾಗಾದರೆ ಫೋನನ್ನೇ ಹಚ್ಚೋಣ, ಹುಳ ಯಾಕೆ ಬೇಕು ಎಂದಳು. ಸರಿ, ಅದೂ ಆಯಿತು. ಅವಳು ಹೂವಿಗೆ ಹಿಡಿಯುವುದು, ರಫೀಕ್ ಸೊಲ್ಲಾಪುರ ರಸ್ತೆಯಿಂದ ರಿಂಗ್ ಕೊಡುವುದು. ಫೋನಿನ ಭಾರಕ್ಕೆ ಹೂವಿನ ತೊಟ್ಟುಗಳು ಪಟಪಟ ಮುರಿದವು. ಬಸುಭಾಯ್, ನಿಮ್ಮ ಬದನಿಗೆ ಎಷ್ಟಂತ ರಿಂಗ್ ಕೊಡ್ಲಿ, ನನಗೂ ಹೊಟ್ಟಿ ಐತಿ ಎಂದು ರಫೀಕ್ ಕೊನೆಗೆ ಫೋನೇ ಬಂದ್ ಮಾಡಿಟ್ಟ.

ಬಗೆಹರಿದದ್ದು ಮೇಡಂ ಹೇಳಿದ ಒಂದು ಸಣ್ಣ ಮಾತಿನಿಂದ. ಕಾಯಿಕೊರಕದ ಮೊಟ್ಟೆ ಇಡುವ ಪತಂಗ ಬರುವುದು ಕತ್ತಲಾದ ಮೇಲೆ. ಜೇನು ಬರುವುದು ಬಿಸಿಲಿನಲ್ಲಿ. ಇಬ್ಬರ ಪಾಳಿಯೇ ಬೇರೆ. ಇದನ್ನು ಹೇಳಿದಾಗ ಅಕ್ಕ ಎದ್ದು ಹೋಗಿ ಒಂದು ಬದಿಯ ಕಲ್ಲುಗಳನ್ನು ತಾನೇ ಸರಿಸಿದಳು, ಪರದೆಯನ್ನು ಮಡಚಿ ಗೂಟದ ಮೇಲೆ ಹಾಕಿದಳು. ಬೆಳಿಗ್ಗೆ ತೆರೆಯುವುದು, ಹೊತ್ತು ಇಳಿಯುವ ಮುಂಚೆ ಮುಚ್ಚುವುದು, ಬಾಡಿದ ಕುಡಿ ಕಂಡರೆ ಚಿವುಟಿ ಸುಡುವುದು ಎಂದು ನಿಯಮವಾಯಿತು. ಮಾಮಾ ಕೂಡ ತೋಟಕ್ಕೆ ಎಣ್ಣೆ ಹೊಡೆಯುವುದನ್ನು ಸಂಜೆಗೆ ಹಾಕಿದರು, ಅದೂ ಗಾಳಿ ಆಚೆ ಬೀಸುವಾಗ. ಬೇರೆ ದಾರಿ ಇರಲಿಲ್ಲ, ರೊಟ್ಟಿಗೆ ಪಲ್ಯ ಬೇಕಲ್ಲ.

ತೆರೆದದ್ದು ತೆರೆದೆವು, ಬರುವವರು ಬರಬೇಕಲ್ಲ. ಬೆಳಿಗ್ಗೆಯಿಂದ ಕೂತು ಕಾಯುತ್ತಿದ್ದೆವು. ನೀಲಿಪಟ್ಟಿಯವಳು ಅಂಗಳದ ಕಾಮಕಸ್ತೂರಿಗೆ ಬರುತ್ತಿದ್ದಳು, ಬದುವಿನ ನೆಲಗುಳ್ಳಕ್ಕೆ ಬರುತ್ತಿದ್ದಳು, ನಮ್ಮ ಬದನೆಯ ಕಡೆ ಮಾತ್ರ ಮುಖ ಹಾಕುತ್ತಿರಲಿಲ್ಲ. ನಡುವೆ ಉತ್ತರಿ ಮಳೆ ಹಿಡಿಯಿತು, ಜೇನುಗಳೇ ಹೊರಬೀಳಲಿಲ್ಲ. ಹೂ ಉದುರುತ್ತಲೇ ಇದ್ದವು. ನನ್ನ ಮುಖ ಸಪ್ಪಗಾದದ್ದನ್ನು ನೋಡಿ ಅಕ್ಕನೇ ಧೈರ್ಯ ಹೇಳಿದಳು, ಊರಿಗೆ ಬಂದಾಕಿ ನೀರಿಗೆ ಬರದ ಇರತಾಳೇನ ಅಂತ. ಮಳೆ ಹೊಳವಾದ ದಿನ ಅವಳಿಗೇ ಹೊಳೆಯಿತು: ಕಾಮಕಸ್ತೂರಿಯ ಕುಂಡಗಳನ್ನೆಲ್ಲ ಹೊತ್ತು ತಂದು ಬದನೆಯ ಸಾಲಿನ ನಡುನಡುವೆ ಇಟ್ಟಳು. ಹೊತ್ತವನು ನಾನು, ಇಡಿಸಿದವಳು ಅವಳು. ಒದ್ದೆ ಎಲೆಗಳು ಮೈಗೆ ಉಜ್ಜಿ ನಾನು ದಿನವಿಡೀ ಗುಡಿಯ ಪೂಜಾರಿಯಂತೆ ಘಮಘಮಿಸುತ್ತಿದ್ದೆ.

ಮರುದಿನ ಬಿಸಿಲು ಕಾದ ಹೊತ್ತಿಗೆ ಮೊದಲು ಕೇಳಿಸಿದ್ದು ಅಕ್ಕನಿಗೆ. ನನ್ನ ರಟ್ಟೆ ಹಿಡಿದಳು. ಕಾಮಕಸ್ತೂರಿಯಿಂದ ಹಾರಿದವಳು ಗಾಳಿಯಲ್ಲಿ ಒಂದು ಗಳಿಗೆ ನಿಂತು, ಬದನೆಯ ಹೂವಿಗೆ ಜೋತುಬಿದ್ದಳು. ಗುಂಯ್ ಎಂಬುದು ಝೀ ಆಯಿತು. ಹೂವೆಲ್ಲ ನಡುಗಿತು, ಅವಳ ಹೊಟ್ಟೆಯ ಮೇಲೆ ಹಳದಿ ಪುಡಿ ಸುರಿಯಿತು. ಅಲ್ಲಿಂದ ಪಕ್ಕದ ಹೂವು, ಅಲ್ಲಿಂದ ಇನ್ನೊಂದು. ಕ್ಯಾಮೆರಾ ನನ್ನ ಕೊರಳಲ್ಲಿಯೇ ಇತ್ತು. ನಾನು ಒಂದೂ ಫೋಟೊ ತೆಗೆಯಲಿಲ್ಲ. ರಫೀಕ್ ಇವತ್ತಿಗೂ ನಂಬುವುದಿಲ್ಲ, ನಂಬದಿದ್ದರೆ ನನಗೇನು. ಅಕ್ಕ ಕೈ ಮುಗಿದು ನಿಂತಿದ್ದಳು, ಮನೆಗೆ ಮುತ್ತೈದೆ ಬಂದಂತೆ.

ಆ ಹೂಗಳು ಉದುರಲಿಲ್ಲ. ದಳ ಬಾಡಿದವು, ತೊಟ್ಟಿನ ಮುಳ್ಳು ಬಲಿಯಿತು, ಒಳಗಿನಿಂದ ಹಸಿರು ಮಿಡಿಯೊಂದು ಮೂಗು ತೋರಿಸಿತು. ಅದರ ಮೇಲೆ ಬಿಳಿ ಗೆರೆ. ನನಗೆ ನಿಜವಾಗಿ ಅಳು ಬಂತು. ಆ ವರ್ಷ ದಸರೆಗೆ ಮನೆಯೆಲ್ಲ ಸಾರಿಸಿದರೂ ಕೊಟ್ಟಿಗೆಯ ಮಣ್ಣಿನ ಗೋಡೆಯನ್ನು ಅಕ್ಕ ಮುಟ್ಟಗೊಡಲಿಲ್ಲ. ಅದರಲ್ಲಿ ನೀಲಿಪಟ್ಟಿಗಳು ಕೊರೆದ, ಬೆರಳು ತೂರುವಂಥ ತೂತುಗಳಿದ್ದವು, ಬಾಣಂತಿಯರ ಕೋಣೆ ಅಂದಳು.

ಎಲ್ಲವೂ ಸಲೀಸಾಗಿ ಆಯಿತು ಅಂದುಕೊಳ್ಳಬೇಡಿ. ಒಂದು ಸಂಜೆ ಪರದೆ ಮುಚ್ಚುವುದು ತಡವಾಯಿತು, ಆಮೇಲೆ ಒಳ್ಳೆಯ ಕಾಯಿಯೊಂದರಲ್ಲಿ ಸೂಜಿಯಷ್ಟು ತೂತು ಕಂಡಿತು. ಸೀಳಿದರೆ ಒಳಗೆ ಗುಲಾಬಿ ಬಣ್ಣದ ಕೀಡಿ. ಅಕ್ಕ ಅದನ್ನು ನನ್ನ ಮುಂದೆ ಹಿಡಿದು, ನಿನ್ನ ಬೀಗರ ಸಂಗಡ ಇವನೂ ಬಂದಾನ ನೋಡು ಅಂದಳು. ಪರದೆಯನ್ನು ಮತ್ತೆ ತೆರೆಯುವುದಿಲ್ಲವೇನೋ ಎಂದು ನನಗೆ ಎದೆ ಹಾರಿತು. ಬೆಳಿಗ್ಗೆ ಎದ್ದು ನೋಡಿದರೆ ನನಗಿಂತ ಮೊದಲೇ ತೆರೆದು ಕೂತಿದ್ದಳು.

ಕಾಯಿ ತುಂಬಿದವು, ಮಾಮಾನ ಬಾಯಲ್ಲಿ ನೀರೂರಿತು, ಆದರೆ ಅಕ್ಕ ಒಂದನ್ನೂ ಕೊಯ್ಯಗೊಡಲಿಲ್ಲ. ಬೀಜಕ್ಕೆ ಬಿಟ್ಟದ್ದು, ಗಿಡದಲ್ಲಿಯೇ ಹಳದಿಯಾಗಿ ಹಣ್ಣಾಗಬೇಕು. ದೀಪಾವಳಿ ಮುಗಿಯಿತು. ತುಳಸಿ ಲಗ್ನ ಹತ್ತಿರ ಬಂತು, ನನಗೆ ಮದುವೆಯ ಕರೆಗಳು ಶುರುವಾದವು. ಹಣ್ಣು ಕೊಯ್ಯುವ ದಿನಕ್ಕೆ ಮಾತ್ರ ನಾನು ಯಾರಿಗೂ ಒಪ್ಪಿಕೊಂಡಿರಲಿಲ್ಲ.

ಅಕ್ಕ ಬಾವಿಯ ಹತ್ತಿರ ಹಿತ್ತಾಳೆಯ ಪಾತ್ರೆಯಲ್ಲಿ ನೀರು ತುಂಬಿಟ್ಟಳು. ಹಳದಿ ಹಣ್ಣುಗಳನ್ನು ಸೀಳಿ, ತಿರುಳನ್ನು ಬೀಜದ ಸಮೇತ ನೀರಿಗೆ ಹಿಸುಕಿದಳು. ಗಟ್ಟಿ ಬೀಜ ತಳ ಸೇರುತ್ತದೆ, ಜೊಳ್ಳು ತೇಲುತ್ತದೆ. ತೇಲಿದ್ದು ಮೊಳೆಯುವುದಿಲ್ಲ. ಮೊದಲು ಕಂಡದ್ದು ನೊರೆ, ತಿರುಳು, ಸಿಪ್ಪೆ, ಎಲ್ಲವೂ ಮೇಲೆಯೇ. ಅಕ್ಕನ ಮುಖ ಬಿಳಿಚಿತು. ನಾನು ಒಳಗೊಳಗೇ ಸಿದ್ಧೇಶ್ವರನಿಗೆ ಏನೇನೋ ಹರಕೆ ಹೊತ್ತೆ. ಅವಳು ನಿಧಾನವಾಗಿ ತಿರುಳನ್ನು ಕೈಯಿಂದ ಒತ್ತಿ ಆಚೆ ಸರಿಸಿದಳು, ನೀರು ತಿಳಿಯಾಗಲು ಬಿಟ್ಟಳು. ಬಗ್ಗಿ ನೋಡಿದೆವು. ತಳದ ತುಂಬ ಬೀಜ. ಹಳದಿ, ಚಪ್ಪಟೆ, ತುಂಬಿದ ಬೀಜ.

"ಮುಳುಗ್ಯಾವೋ ತಮ್ಮಾ" ಎಂದು ಅಕ್ಕ ಕೂಗಿದಳು. "ಎಲ್ಲಾ ಮುಳುಗ್ಯಾವೋ."

ಆ ಕೂಗು ದ್ರಾಕ್ಷಿ ತೋಟದ ತನಕ ಹೋಯಿತು. ಎಲ್ಲಾ ಮುಳುಗಿತು ಎಂಬ ಮಾತು ಕಿವಿಗೆ ಬಿದ್ದರೆ ಒಕ್ಕಲಿಗನ ಜೀವ ನಿಲ್ಲುತ್ತದೆಯೇ? ಮಾಮಾ ಸಲಿಕೆ ಹಿಡಿದುಕೊಂಡೇ ಓಡಿ ಬಂದರು, ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ. ಅವರ ಹಿಂದೆ ಆಚೆ ಹೊಲದ ಇಮಾಮಸಾಬರೂ ಲುಂಗಿ ಎತ್ತಿ ಕಟ್ಟಿಕೊಂಡು ಬದು ಹಾರುತ್ತಿದ್ದರು. ಬಾವಿಯ ಮೋಟಾರ್ ಮುಳುಗಿತೇನು ಎಂದು ಮಾಮಾ ಏದುಸಿರಿನಲ್ಲಿ ಕೇಳಿದರು.

"ಮೋಟಾರ್ ಅಲ್ರಿ, ಅವ್ವನ ಬೀಜ" ಎಂದು ಅಕ್ಕ ಪಾತ್ರೆಯನ್ನು ಅವರ ಮುಂದೆ ಜರುಗಿಸಿದಳು. ಅಳುತ್ತಿದ್ದಳೋ ನಗುತ್ತಿದ್ದಳೋ ಗೊತ್ತಾಗುತ್ತಿರಲಿಲ್ಲ.

ಮಾಮಾ ನೀರಿಗೆ ಕೈ ಹಾಕಿ ತಳದಿಂದ ಒಂದು ಹಿಡಿ ಎತ್ತಿ ನೋಡಿದರು. ಆಮೇಲೆ ಎದ್ದು ನಿಂತು, ಬದುವಿನ ಮೇಲೆ ಗಾಬರಿಯಾಗಿ ನಿಂತಿದ್ದ ಇಮಾಮಸಾಬರಿಗೆ ಕೈಯೆತ್ತಿ ಕೂಗಿದರು:

"ಎಲ್ಲಾ ಮುಳುಗ್ಯಾವ್ರಿ ಸಾಬರ, ಸಕ್ಕರಿ ತಿನ್ನಾಕ ಬರ್ರಿ."